ಶಸ್ತ್ರವೈದ್ಯ ಆಂಬ್ರೋಸ್ ಪಾರೆ

ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡು ಬದುಕಿ ಉಳಿದವನು ಮುಂದಿನ ಬಾಳನ್ನು ಹೇಗೆ ಸಾಗಿಸಬೇಕು ಎಂಬ ಪ್ರಶ್ನೆ ಯುದ್ಧದಷ್ಟೇ ಪುರಾತನವಾದುದು. ಕಾಳಗದಲ್ಲಿ ಕಾಲನ್ನು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕರುಣಿಸಿದರೆಂಬ ಕಥೆ ಋಗ್ವೇದದಲ್ಲಿಯೇ ಬರುತ್ತದೆ. ಆದರೆ ದೇವತೆಗಳು ಮಾಡಿದರೆನ್ನಲಾದ ಕೆಲಸವನ್ನು ಮನುಷ್ಯನ ಕೈ ಮಾಡಬೇಕಾದಾಗ ಎದುರಾದ ಕಷ್ಟಗಳು ಹಲವು. ಕಾಲನ್ನು ಕತ್ತರಿಸುವಾಗ ರೋಗಿ ಬದುಕಿ ಉಳಿಯಬೇಕು, ಗಾಯ ಮಾಯಬೇಕು, ಉಳಿದ ಮೊಂಡುಭಾಗ ಕೃತಕಾಂಗವನ್ನು ಹೊರುವಂತಿರಬೇಕು, ಆ ಕೃತಕಾಂಗ ಅವನ ಶಕ್ತಿಗೂ ವೃತ್ತಿಗೂ ಹಣದ ಅನುಕೂಲಕ್ಕೂ ಹೊಂದಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ಚಂದದ ಕೃತಕ ಕಾಲಾದರೂ ಮನೆಯ ಮೂಲೆಯನ್ನು ಸೇರುತ್ತದೆ. ಈ ಎಲ್ಲವನ್ನೂ ಒಂದೇ ಸರಪಳಿಯ ಕೊಂಡಿಗಳಂತೆ ಕಂಡು, ಪ್ರತಿಯೊಂದಕ್ಕೂ ತನ್ನ ಬುದ್ಧಿಯನ್ನೂ ಕೈಯನ್ನೂ ಮುಡಿಪಾಗಿಟ್ಟವರಲ್ಲಿ ಹದಿನಾರನೆಯ ಶತಮಾನದ ಫ್ರಾನ್ಸಿನ ಆಂಬ್ರೋಸ್ ಪಾರೆ ಅಗ್ರಗಣ್ಯನು.

ಪಾರೆಯು ಸುಮಾರು 1510ರಲ್ಲಿ ಫ್ರಾನ್ಸಿನ ಲಾವಾಲ್ ಪಟ್ಟಣದ ಸಮೀಪದ ಬೂರ್-ಎರ್ಸಾಂ ಎಂಬ ಹಳ್ಳಿಯಲ್ಲಿ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದನು. ವಿಶ್ವವಿದ್ಯಾಲಯದ ಶಿಕ್ಷಣ ಅವನಿಗೆ ದೊರೆಯಲಿಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಒಲಿಯಲಿಲ್ಲ. ಅವನು ಕಲಿತದ್ದು ಕ್ಷೌರಿಕರ ಅಂಗಡಿಯಲ್ಲಿ. ಆ ಕಾಲದ ಯುರೋಪಿನಲ್ಲಿ ವೈದ್ಯವೃತ್ತಿಯು ಮೆಟ್ಟಿಲು ಮೆಟ್ಟಿಲಾಗಿ ಹಂಚಿಹೋಗಿತ್ತು. ನಿಲುವಂಗಿ ತೊಟ್ಟು ಲ್ಯಾಟಿನ್ ಗ್ರಂಥಗಳನ್ನು ಓದಿದ ವೈದ್ಯರು ಎಲ್ಲರಿಗಿಂತ ಮೇಲೆ. ಅವರು ರೋಗಿಯ ರಕ್ತದಿಂದ ತಮ್ಮ ಕೈಯನ್ನು ಮಲಿನಗೊಳಿಸಿಕೊಳ್ಳುತ್ತಿರಲಿಲ್ಲ. ಅವರ ಕೆಳಗೆ ಸಂತ ಕಾಸ್ಮನ ಹೆಸರಿನ ಸಂಘಕ್ಕೆ ಸೇರಿದ ಶಸ್ತ್ರವೈದ್ಯರು. ಎಲ್ಲರಿಗಿಂತ ಕೆಳಗೆ ಕ್ಷೌರಿಕ ಶಸ್ತ್ರವೈದ್ಯರು. ಗಡ್ಡ ಹೆರೆಯುವುದು, ಹುಣ್ಣು ಕೊಯ್ಯುವುದು, ರಕ್ತ ತೆಗೆಯುವುದು, ಗಾಯ ಕಟ್ಟುವುದು ಇವು ಅವರ ಪಾಲಿನ ಕೆಲಸಗಳು. ಪಾರೆಯು ಈ ಕೊನೆಯ ಮೆಟ್ಟಿಲಿನಿಂದ ತನ್ನ ಪಯಣವನ್ನು ಆರಂಭಿಸಿದನು.

ಸುಮಾರು 1533ರಲ್ಲಿ ಅವನು ಪ್ಯಾರಿಸ್ ನಗರಕ್ಕೆ ಬಂದು ಓಟೆಲ್-ದಿಯೊ ಎಂಬ ಪ್ರಾಚೀನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಬಡವರೂ ನಿರ್ಗತಿಕರೂ ಕಿಕ್ಕಿರಿದು ತುಂಬಿದ್ದ ಆ ಆಸ್ಪತ್ರೆಯೇ ಅವನ ವಿಶ್ವವಿದ್ಯಾಲಯವಾಯಿತು. ಅಲ್ಲಿ ಅವನು ಸುಮಾರು ಮೂರು ವರ್ಷಗಳ ಕಾಲ ನಾನಾ ಬಗೆಯ ಗಾಯಗಳನ್ನೂ ವ್ರಣಗಳನ್ನೂ ಕಣ್ಣಾರೆ ಕಂಡನು. ಶವಗಳನ್ನು ಸೀಳಿ ಶರೀರದ ರಚನೆಯನ್ನು ಅಭ್ಯಾಸ ಮಾಡಿದನು. ಗ್ರಂಥ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ಭೇದ ಬಂದಾಗ ಕಣ್ಣನ್ನೇ ನಂಬುವ ಸ್ವಭಾವ ಅವನಲ್ಲಿ ಬೇರೂರಿದ್ದು ಇಲ್ಲಿಯೇ.

ಅನಂತರ ಪಾರೆಯು ಸೈನ್ಯದ ಶಸ್ತ್ರವೈದ್ಯನಾಗಿ ಇಟಲಿಯತ್ತ ಹೊರಟನು. ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನು 1536ರಿಂದ 1538ರವರೆಗೆ ನಡೆಸಿದ ಯುದ್ಧದಲ್ಲಿ ಟ್ಯೂರಿನ್ ನಗರದ ಆಸುಪಾಸಿನಲ್ಲಿ ಘೋರ ಕಾಳಗಗಳು ನಡೆದವು. ಕತ್ತಿ ಈಟಿಗಳ ಯುಗ ಮುಗಿದು ಕೋವಿ ಫಿರಂಗಿಗಳ ಯುಗ ಆರಂಭವಾಗಿತ್ತು. ಕತ್ತಿಯ ಗಾಯದಂತೆ ಗುಂಡಿನ ಗಾಯ ನೇರವಾಗಿ ಇರುತ್ತಿರಲಿಲ್ಲ. ಗುಂಡು ಎಲುಬನ್ನು ಚೂರು ಚೂರು ಮಾಡಿ, ಬಟ್ಟೆಯ ಚಿಂದಿಯನ್ನೂ ಮಣ್ಣನ್ನೂ ಮಾಂಸದೊಳಗೆ ನುಗ್ಗಿಸುತ್ತಿತ್ತು. ಕೋವಿಮದ್ದು ಗಾಯವನ್ನು ವಿಷಮಯವಾಗಿಸುತ್ತದೆಂದು ಅಂದಿನ ಪ್ರಮಾಣಗ್ರಂಥಗಳು ಸಾರುತ್ತಿದ್ದವು. ಆ ವಿಷವನ್ನು ಸುಡಲು ಕುದಿಯುವ ಎಣ್ಣೆಯನ್ನು ಗಾಯದೊಳಕ್ಕೆ ಸುರಿಯಬೇಕೆಂಬುದು ಅವುಗಳ ವಿಧಿ. ಮೊದಮೊದಲು ಪಾರೆಯೂ ಹಾಗೆಯೇ ಮಾಡಿದನು.

ಒಂದು ದಿನ ಎಣ್ಣೆ ಮುಗಿದುಹೋಯಿತು. ಗಾಯಾಳುಗಳು ಇನ್ನೂ ಸಾಲಾಗಿ ಮಲಗಿದ್ದರು. ಬೇರೆ ದಾರಿ ಕಾಣದೆ ಪಾರೆಯು ಮೊಟ್ಟೆಯ ಹಳದಿ ಭಾಗ, ಗುಲಾಬಿ ಎಣ್ಣೆ ಮತ್ತು ಟರ್ಪೆಂಟೈನುಗಳನ್ನು ಕಲಸಿ ಲೇಪವೊಂದನ್ನು ಮಾಡಿ ಉಳಿದವರ ಗಾಯಗಳಿಗೆ ಹಚ್ಚಿದನು. ಎಣ್ಣೆ ಕಾಣದ ಗಾಯಾಳುಗಳು ಬೆಳಗಾಗುವುದರೊಳಗೆ ವಿಷವೇರಿ ಸತ್ತಿರುತ್ತಾರೆಂಬ ಭಯದಿಂದ ಆ ರಾತ್ರಿ ಅವನಿಗೆ ನಿದ್ರೆ ಹತ್ತಲಿಲ್ಲ. ನಸುಕಿನಲ್ಲಿಯೇ ಎದ್ದು ಹೋಗಿ ನೋಡಿದಾಗ ಅವನಿಗೆ ಅಚ್ಚರಿ ಕಾದಿತ್ತು. ಲೇಪ ಹಚ್ಚಿಸಿಕೊಂಡವರು ಹೆಚ್ಚಿನ ನೋವಿಲ್ಲದೆ ನಿದ್ರಿಸಿದ್ದರು. ಅವರ ಗಾಯಗಳಲ್ಲಿ ಊತವಿರಲಿಲ್ಲ. ಎಣ್ಣೆ ಸುರಿಸಿಕೊಂಡವರೋ ಜ್ವರದಿಂದ ಬೇಯುತ್ತಿದ್ದರು. ಅವರ ಗಾಯಗಳ ಸುತ್ತ ಬಾವು ಏರಿತ್ತು. ಇನ್ನು ಮುಂದೆ ಯಾವ ಗಾಯಾಳುವನ್ನೂ ಇಷ್ಟು ಕ್ರೂರವಾಗಿ ಸುಡುವುದಿಲ್ಲವೆಂದು ಪಾರೆಯು ನಿಶ್ಚಯಿಸಿದನು. ಈ ಅನುಭವವನ್ನು ಅವನು 1545ರಲ್ಲಿ ಗುಂಡಿನ ಗಾಯಗಳನ್ನು ಕುರಿತ ಪುಸ್ತಕವಾಗಿ ಪ್ರಕಟಿಸಿದನು. ಆ ಪುಸ್ತಕ ಲ್ಯಾಟಿನ್ ಭಾಷೆಯಲ್ಲಿರದೆ ಸಾಮಾನ್ಯ ಶಸ್ತ್ರವೈದ್ಯರು ಓದಬಲ್ಲ ಫ್ರೆಂಚ್ ಭಾಷೆಯಲ್ಲಿತ್ತು.

ಸುಡುವ ಚಿಕಿತ್ಸೆಯ ಇನ್ನೊಂದು ಮುಖ ಅಂಗಚ್ಛೇದನದಲ್ಲಿತ್ತು. ಅರಿವಳಿಕೆಯ ಔಷಧಗಳು ಬಳಕೆಗೆ ಬಂದದ್ದು 1846ರ ಅನಂತರ. ಅದಕ್ಕೆ ಮೊದಲು ರೋಗಿಯನ್ನು ನಾಲ್ಕಾರು ಮಂದಿ ಬಲವಾಗಿ ಹಿಡಿದುಕೊಳ್ಳುತ್ತಿದ್ದರು. ಶಸ್ತ್ರವೈದ್ಯನು ಗರಗಸದಿಂದ ಎಲುಬನ್ನು ಕೊಯ್ದು, ಚಿಮ್ಮುವ ರಕ್ತವನ್ನು ನಿಲ್ಲಿಸಲು ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದನು. ಸುಟ್ಟ ಮಾಂಸದ ಪದರ ಕೆಲವು ದಿನಗಳಲ್ಲಿ ಕಳಚಿ ಬೀಳುವಾಗ ಮತ್ತೆ ರಕ್ತಸ್ರಾವವಾಗುತ್ತಿತ್ತು. ಮತ್ತೆ ಬರೆ, ಮತ್ತೆ ಗಾಯ. ಇಷ್ಟೆಲ್ಲವನ್ನೂ ಸಹಿಸಿ ಬದುಕಿದವನ ಮೊಂಡುಗಾಲಿನ ತುದಿಯಲ್ಲಿ ಎಲುಬು ಚಾಚಿಕೊಂಡು, ಅದರ ಮೇಲೆ ತೆಳುವಾದ ಕಲೆಚರ್ಮ ಮಾತ್ರ ಉಳಿಯುತ್ತಿತ್ತು. ಅಂತಹ ತುದಿಯು ಭಾರವನ್ನು ಹೊರುವುದಿರಲಿ, ಬಟ್ಟೆಯ ಸೋಂಕನ್ನೂ ತಾಳುತ್ತಿರಲಿಲ್ಲ.

ಹರಿದ ರಕ್ತನಾಳವನ್ನು ದಾರದಿಂದ ಕಟ್ಟಬಹುದೆಂಬ ಮಾತು ಗೇಲೆನ್ ಮೊದಲಾದ ಪ್ರಾಚೀನರ ಗ್ರಂಥಗಳಲ್ಲಿಯೂ ಇತ್ತು. ಗಾಯಗಳಿಗೆ ಹೇಳಿದ ಆ ವಿಧಾನವನ್ನು ಅಂಗಚ್ಛೇದನಕ್ಕೆ ಏಕೆ ಬಳಸಬಾರದೆಂದು ಪಾರೆಯು ಯೋಚಿಸಿದನು. 1552ರಲ್ಲಿ ದಾಂವಿಲಿಯೇ ಕೋಟೆಯ ಮುತ್ತಿಗೆಯ ಸಮಯದಲ್ಲಿ ಸೈನ್ಯದ ಅಧಿಕಾರಿಯೊಬ್ಬನ ಕಾಲಿಗೆ ಫಿರಂಗಿಯ ಗುಂಡು ಬಡಿಯಿತು. ಪಾರೆಯು ಆ ಕಾಲನ್ನು ಕತ್ತರಿಸಿ, ಕಾಗೆಯ ಕೊಕ್ಕಿನಂತಿದ್ದ ಇಕ್ಕಳದಿಂದ ರಕ್ತನಾಳಗಳ ತುದಿಗಳನ್ನು ಹೊರಗೆಳೆದು ಜೋಡಿದಾರದಿಂದ ಬಿಗಿದನು. ಕಾದ ಕಬ್ಬಿಣವನ್ನು ಮುಟ್ಟಲಿಲ್ಲ. ಗಾಯ ಮಾಯಿತು. ಸುಡಿಸಿಕೊಳ್ಳದೆಯೇ ಪಾರಾದೆನೆಂದು ಹಿಗ್ಗುತ್ತ ಆ ಅಧಿಕಾರಿಯು ಮರಗಾಲಿನೊಡನೆ ತನ್ನ ಮನೆಗೆ ಮರಳಿದನು.

ಪಾರೆಯ ವಿಧಾನದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಕತ್ತರಿಸುವ ಮೊದಲು ಅವನು ಚರ್ಮವನ್ನೂ ಮಾಂಸಖಂಡಗಳನ್ನೂ ಮೇಲಕ್ಕೆ ಎಳೆದು, ಅಲ್ಲಿ ಅಗಲವಾದ ಪಟ್ಟಿಯೊಂದನ್ನು ಬಲವಾಗಿ ಬಿಗಿಯುತ್ತಿದ್ದನು. ಆ ಪಟ್ಟಿಯಿಂದ ರಕ್ತಸ್ರಾವ ತಗ್ಗುತ್ತಿತ್ತು. ಸ್ಪರ್ಶಜ್ಞಾನ ಮಂಕಾಗಿ ನೋವು ಸ್ವಲ್ಪ ಕಡಿಮೆಯಾಗುತ್ತಿತ್ತು. ಕತ್ತರಿಸಿದ ಅನಂತರ ಪಟ್ಟಿಯನ್ನು ಸಡಿಲಿಸಿದಾಗ ಮೇಲೆ ಸರಿದಿದ್ದ ಮಾಂಸವೂ ಚರ್ಮವೂ ಕೆಳಗಿಳಿದು ಎಲುಬಿನ ತುದಿಯನ್ನು ಮುಚ್ಚುತ್ತಿದ್ದವು. ಹೀಗೆ ಮೆತ್ತೆಯಂತೆ ಮುಚ್ಚಿಕೊಂಡ ಮೊಂಡುಗಾಲು ಮುಂದೆ ಕೃತಕಾಂಗಕ್ಕೆ ತಕ್ಕ ನೆಲೆಯಾಗುತ್ತಿತ್ತು. ಕೃತಕ ಕಾಲಿನ ಯಶಸ್ಸು ಬಡಗಿಯ ಅಂಗಡಿಯಲ್ಲಿ ಅಲ್ಲ, ಶಸ್ತ್ರವೈದ್ಯನ ಕತ್ತಿಯ ಕೆಳಗೇ ಆರಂಭವಾಗುತ್ತದೆಂಬುದನ್ನು ಅವನು ಅರಿತಿದ್ದನು.

ಎಲ್ಲಿ ಕತ್ತರಿಸಬೇಕೆಂಬ ಪ್ರಶ್ನೆಗೂ ಅವನು ಇದೇ ದೃಷ್ಟಿಯಿಂದ ಉತ್ತರವನ್ನು ಹುಡುಕಿದನು. ಅಂಗವನ್ನು ಆದಷ್ಟೂ ಉಳಿಸಬೇಕೆಂಬುದು ಸಾಮಾನ್ಯ ನ್ಯಾಯ. ಕೈಯ ವಿಷಯದಲ್ಲಿ ಪಾರೆಯೂ ಅದನ್ನೇ ಒಪ್ಪಿದನು. ಕಾಲಿನ ವಿಷಯ ಬೇರೆ. ಅಂದಿನ ಮರಗಾಲಿನಲ್ಲಿ ಮೊಣಕಾಲನ್ನು ಮಡಿಸಿ ಮೆತ್ತೆಯ ಮೇಲೆ ಊರಿ, ತೊಡೆಗೆ ಪಟ್ಟಿಗಳಿಂದ ಬಿಗಿಯಬೇಕಾಗಿತ್ತು. ಮೊಣಕಾಲಿನ ಕೆಳಗೆ ಉದ್ದನೆಯ ಭಾಗ ಉಳಿದಿದ್ದರೆ ಅದು ಹಿಂದಕ್ಕೆ ಚಾಚಿಕೊಂಡು, ಹೋದಲ್ಲಿ ಬಂದಲ್ಲಿ ತಗುಲಿ ನೋಯುತ್ತಿತ್ತು. ಪಾದವನ್ನು ಕಳೆದುಕೊಂಡ ನಾಯಕನೊಬ್ಬನ ಸಂಗತಿಯನ್ನು ಪಾರೆಯು ದಾಖಲಿಸಿದ್ದಾನೆ. ಫಿರಂಗಿಯ ಗುಂಡು ಅವನ ಪಾದವನ್ನು ಹಾರಿಸಿತ್ತು. ಕಾಲು ಹರಡಿನ ತುಸು ಮೇಲಕ್ಕೆ ತುಂಡಾಗಿ ಗಾಯವೂ ಮಾಯಿತ್ತು. ಆದರೆ ಉಳಿದ ಉದ್ದನೆಯ ಕಾಲು ಅವನಿಗೆ ಹೊರೆಯಾಯಿತು. ಕಡೆಗೆ ಅವನು ತಾನಾಗಿಯೇ ಮುಂದೆ ಬಂದು, ಮೊಣಕಾಲಿನಿಂದ ಐದು ಬೆರಳಗಲ ಕೆಳಕ್ಕೆ ಅದನ್ನು ಮತ್ತೊಮ್ಮೆ ಕತ್ತರಿಸಿಕೊಂಡನು. ಅರಿವಳಿಕೆ ಇಲ್ಲದ ಕಾಲದಲ್ಲಿ ಮನುಷ್ಯನೊಬ್ಬನು ಎರಡನೆಯ ಬಾರಿಗೆ ಗರಗಸದ ಕೆಳಗೆ ಮಲಗಲು ಒಪ್ಪಿದನೆಂದರೆ, ನಡೆಯಬೇಕೆಂಬ ಅವನ ಹಂಬಲ ಎಷ್ಟು ತೀವ್ರವಾಗಿದ್ದಿರಬೇಕು! ಅನಂತರ ಅವನು ಮರಗಾಲನ್ನು ಮೊದಲಿಗಿಂತ ಸುಖವಾಗಿ ಬಳಸಿದನು. ಇಂತಹ ಅನುಭವಗಳ ಆಧಾರದ ಮೇಲೆ ಪಾರೆಯು ಪಾದಕ್ಕೆ ಪೆಟ್ಟು ಬಿದ್ದಾಗಲೂ ಮೊಣಕಾಲಿನಿಂದ ಐದು ಬೆರಳಗಲ ಕೆಳಗೆ ಕತ್ತರಿಸುವುದು ಮೇಲೆಂದು ಸಲಹೆ ನೀಡಿದನು. ಇಂದು ಕೃತಕ ಕಾಲುಗಳ ರಚನೆ ಬದಲಾಗಿರುವುದರಿಂದ ಈ ಅಳತೆ ಬದಲಾಗಿದೆ. ಆದರೆ ಮೊಣಕಾಲಿನ ಕೀಲನ್ನು ಸಾಧ್ಯವಾದರೆ ಉಳಿಸಬೇಕೆಂಬ ನಿಯಮ ಉಳಿದಿದೆ. ಆ ಕೀಲು ಉಳಿದವನು ಕಡಿಮೆ ಶ್ರಮದಿಂದ ನಡೆಯಬಲ್ಲನು.

1552ರಲ್ಲಿಯೇ ಪಾರೆಗೆ ದೊರೆ ಎರಡನೆಯ ಹೆನ್ರಿಯ ಶಸ್ತ್ರವೈದ್ಯರಲ್ಲಿ ಒಬ್ಬನೆಂಬ ಪದವಿ ದೊರೆಯಿತು. ಆ ವರ್ಷದ ಕೊನೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯವು ಮೆಟ್ಸ್ ನಗರವನ್ನು ಮುತ್ತಿತು. ಒಳಗಿದ್ದ ಗಾಯಾಳುಗಳು ಆರೈಕೆಯಿಲ್ಲದೆ ಸಾಯುತ್ತಿದ್ದರು. ದೊರೆಯ ಆಜ್ಞೆಯಂತೆ ಪಾರೆಯು ಔಷಧಗಳೊಡನೆ ರಾತ್ರಿಯ ಕತ್ತಲಲ್ಲಿ ಶತ್ರುಗಳ ಕಣ್ಣು ತಪ್ಪಿಸಿ ನಗರವನ್ನು ಪ್ರವೇಶಿಸಿದನು. ಅವನನ್ನು ಕೋಟೆಯ ಮೇಲೆ ಕಂಡಾಗ ದಳಪತಿಗಳೂ ಸೈನಿಕರೂ ಅಪ್ಪಿಕೊಂಡು ಸ್ವಾಗತಿಸಿದರು. ಇನ್ನು ಗಾಯಗೊಂಡರೂ ಸಾಯುವ ಭಯವಿಲ್ಲವೆಂದು ಸಂತೋಷಪಟ್ಟರು. ಮರುವರ್ಷ ಎಸ್ದಾಂ ಕೋಟೆಯ ಪತನದಲ್ಲಿ ಅವನು ಶತ್ರುಗಳ ಸೆರೆಯಾದನು. ಅಲ್ಲಿ ಶತ್ರುಪಕ್ಷದ ಅಧಿಕಾರಿಯೊಬ್ಬನ ಕಾಲಿನ ಹಳೆಯ ಹುಣ್ಣನ್ನು ವಾಸಿಮಾಡಿ, ಬಿಡುಗಡೆಯ ಹಣವನ್ನು ಕೊಡದೆಯೇ ಬಿಡುಗಡೆ ಪಡೆದನು. 1554ರಲ್ಲಿ ಸಂತ ಕಾಸ್ಮನ ಸಂಘವು, ಲ್ಯಾಟಿನ್ ಬಾರದಿದ್ದರೂ, ಅವನನ್ನು ತನ್ನ ಸದಸ್ಯನನ್ನಾಗಿ ಸ್ವೀಕರಿಸಿತು. ಎರಡನೆಯ ಹೆನ್ರಿಯ ಅನಂತರ ಎರಡನೆಯ ಫ್ರಾನ್ಸಿಸ್, ಒಂಬತ್ತನೆಯ ಚಾರ್ಲ್ಸ್, ಮೂರನೆಯ ಹೆನ್ರಿ ಹೀಗೆ ನಾಲ್ವರು ದೊರೆಗಳ ಸೇವೆಯನ್ನು ಅವನು ಮಾಡಿದನು.

1561ರಲ್ಲಿ ವಿಧಿಯು ವೈದ್ಯನನ್ನೇ ರೋಗಿಯನ್ನಾಗಿ ಮಾಡಿತು. ಕುದುರೆಯೊಂದು ಒದ್ದ ಪೆಟ್ಟಿಗೆ ಪಾರೆಯ ಎಡಗಾಲಿನ ಎರಡೂ ಎಲುಬುಗಳು ಹರಡಿನ ಮೇಲ್ಭಾಗದಲ್ಲಿ ಮುರಿದು, ಚರ್ಮವನ್ನು ಸೀಳಿ ಹೊರಬಂದವು. ಅಂತಹ ಪೆಟ್ಟಿಗೆ ಅಂದು ಅಂಗಚ್ಛೇದನವೇ ಗತಿಯಾಗುತ್ತಿದ್ದುದು ಅಪರೂಪವಲ್ಲ. ಅದೆಷ್ಟೋ ಜನರ ಕಾಲುಗಳನ್ನು ಕತ್ತರಿಸಿದ್ದ ಪಾರೆಗೆ ತನ್ನ ಮುಂದಿದ್ದ ಅಪಾಯ ಚೆನ್ನಾಗಿ ತಿಳಿದಿತ್ತು. ಸ್ನೇಹದ ಮುಲಾಜನ್ನು ಬಿಟ್ಟು, ತಾನು ಯಾರೋ ಅಪರಿಚಿತನೆಂದು ಭಾವಿಸಿ ಚಿಕಿತ್ಸೆ ಮಾಡುವಂತೆ ಅವನು ಸಹೋದ್ಯೋಗಿಯನ್ನು ಕೇಳಿಕೊಂಡನು. ಜ್ವರವೂ ಕೀವೂ ಅವನನ್ನು ಬಹುಕಾಲ ಕಾಡಿದವು. ಕಡೆಗೆ ಕಾಲು ಉಳಿಯಿತು. ಕುಂಟದೆ ನಡೆಯುವಷ್ಟು ಗುಣವಾಯಿತು. ಕಾಲನ್ನು ಕಳೆದುಕೊಳ್ಳುವ ಭೀತಿ ಎಂತಹುದೆಂಬುದನ್ನು ಅವನು ಹೀಗೆ ಸ್ವಂತ ಹಾಸಿಗೆಯಲ್ಲಿಯೇ ಅನುಭವಿಸಿದನು.

ಮೂರು ವರ್ಷಗಳ ಅನಂತರ, 1564ರಲ್ಲಿ, ಅವನ ಶಸ್ತ್ರಚಿಕಿತ್ಸೆಯ ಹತ್ತು ಪುಸ್ತಕಗಳು ಒಂದೇ ಸಂಪುಟವಾಗಿ ಬೆಳಕು ಕಂಡವು. ರಕ್ತನಾಳಗಳನ್ನು ಕಟ್ಟುವ ವಿಧಾನದ ಜೊತೆಯಲ್ಲಿಯೇ ಕೃತಕ ಕೈಕಾಲುಗಳ ಸಚಿತ್ರ ವಿವರಣೆಯೂ ಅದರಲ್ಲಿತ್ತು. ಈ ಅಂಗಗಳನ್ನು ತಯಾರಿಸಿದವನು ಪ್ಯಾರಿಸಿನಲ್ಲಿ ವಾಸವಾಗಿದ್ದ, ಪುಟ್ಟ ಲೊರೇನಿಗ ಎಂಬ ಅಡ್ಡಹೆಸರಿನ ಬೀಗದ ಕುಶಲಕರ್ಮಿ. ಕಬ್ಬಿಣದ ಕೃತಕ ಕಾಲಿಗೆ ಮೊಣಕಾಲಿನ ಬಳಿ ಕೀಲೂ ಕೀಲಿಗೆ ಬೀಗವೂ ಇದ್ದವು. ನಿಂತಾಗ ಬೀಗ ಬಿದ್ದು ಕಾಲು ನೆಟ್ಟಗೆ ನಿಲ್ಲುತ್ತಿತ್ತು. ಕುಳಿತುಕೊಳ್ಳುವಾಗ ದಾರವನ್ನು ಎಳೆದರೆ ಬೀಗ ಸಡಿಲಿ ಮೊಣಕಾಲು ಮಡಿಸುತ್ತಿತ್ತು. ಕಬ್ಬಿಣದ ಕೈಯೊಳಗೆ ಹಲ್ಲುಚಕ್ರಗಳೂ ಸ್ಪ್ರಿಂಗುಗಳೂ ಇದ್ದು ಬೆರಳುಗಳು ಮಡಿಸುತ್ತಿದ್ದವು. ಕವಚ ತೊಟ್ಟ ಸರದಾರನ ನಿಜವಾದ ಕೈಗೂ ಈ ಕೈಗೂ ಹೊರನೋಟಕ್ಕೆ ಹೆಚ್ಚಿನ ಭೇದವಿರಲಿಲ್ಲ.

ಇಂತಹ ಯಂತ್ರಗಳು ಸಿರಿವಂತರಿಗೆ ಮಾತ್ರ ಎಟುಕುವಂತಹವು. ಅವುಗಳ ಭಾರವೂ ಬೆಲೆಯೂ ಸಾಮಾನ್ಯ ಸೈನಿಕನಿಗೆ ನಿಲುಕುವಂತಿರಲಿಲ್ಲ. ಅದನ್ನು ಬಲ್ಲ ಪಾರೆಯು ಅದೇ ಪುಟಗಳಲ್ಲಿ ಬಡವರಿಗಾಗಿ ಸರಳವಾದ ಮರಗಾಲಿನ ಚಿತ್ರವನ್ನೂ ಕೊಟ್ಟನು. ಅದರಲ್ಲಿ ಬೀಗವಿಲ್ಲ, ಸ್ಪ್ರಿಂಗಿಲ್ಲ; ಮೊಣಕಾಲಿಗೊಂದು ಮೆತ್ತೆ, ತೊಡೆಗೆ ಪಟ್ಟಿಗಳು, ನೆಲಕ್ಕೊಂದು ಗೂಟ. ಹಳ್ಳಿಯ ಬಡಗಿಯೂ ಅದನ್ನು ಮಾಡಬಲ್ಲನು. ಮುರಿದರೆ ದುರಸ್ತಿ ಮಾಡಬಲ್ಲನು. ನೋಟಕ್ಕೆ ಒರಟಾದರೂ ದುಡಿಯುವವನಿಗೆ ಅದೇ ಆಸರೆ. ರಾಜವೈದ್ಯನ ಗ್ರಂಥದಲ್ಲಿ ಸರದಾರನ ಕಬ್ಬಿಣದ ಕಾಲಿನ ಸಾಲಿನಲ್ಲಿಯೇ ಬಡವನ ಮರಗಾಲಿಗೂ ಸ್ಥಾನ ದೊರೆತದ್ದು ಗಮನಾರ್ಹ ಸಂಗತಿ.

ಅಂಗ ಹೋದರೂ ಅದರ ನೋವು ಹೋಗದಿರಬಹುದೆಂಬುದನ್ನೂ ಪಾರೆಯು ಗುರುತಿಸಿದನು. ಕತ್ತರಿಸಿ ಬಹುಕಾಲವಾದ ಮೇಲೂ, ಇಲ್ಲದ ಕಾಲು ನೋಯುತ್ತಿದೆಯೆಂದು ರೋಗಿಗಳು ದೂರುತ್ತಿದ್ದರು. ಅದನ್ನು ಹುಚ್ಚೆಂದು ತಳ್ಳಿಹಾಕದೆ ಅವನು ಬರೆದಿಟ್ಟನು. ಸುಮಾರು ಮುನ್ನೂರು ವರ್ಷಗಳ ಅನಂತರ ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ವೈದ್ಯ ಸೈಲಾಸ್ ವಿಯರ್ ಮಿಚೆಲನು ಈ ಅನುಭವಕ್ಕೆ ಮಾಯಾಂಗವೆಂಬ ಅರ್ಥದ ಹೆಸರನ್ನು ಕೊಟ್ಟನು. ಇಂತಹ ನೋವು ಕೃತಕಾಂಗದ ಬಳಕೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಒಂದೆಂದು ಇಂದಿನ ವೈದ್ಯರು ತಿಳಿದಿದ್ದಾರೆ.

ಪಾರೆಯ ಕೀರ್ತಿ ಬೆಳೆದಂತೆ ವಿರೋಧವೂ ಬೆಳೆಯಿತು. 1575ರಲ್ಲಿ ಅವನ ಸಮಗ್ರ ಕೃತಿಗಳು ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದಾಗ ಪ್ಯಾರಿಸಿನ ವೈದ್ಯಕೀಯ ಪೀಠವು ಆಕ್ಷೇಪಿಸಿತು. ಕ್ಷೌರಿಕನ ಅಂಗಡಿಯಿಂದ ಬಂದವನು ಜನರ ಭಾಷೆಯಲ್ಲಿ ವೈದ್ಯಶಾಸ್ತ್ರವನ್ನು ಬರೆಯುವುದು ಪಂಡಿತರಿಗೆ ಸಹನೆಯಾಗಲಿಲ್ಲ. ಎತಿಯೆನ್ ಗೂರ್ಮೆಲೆನ್ ಎಂಬ ವಿದ್ವಾಂಸನು ಹಿರಿಯರ ಸುಡುವ ವಿಧಾನವನ್ನು ಬಿಟ್ಟು ದಾರ ಕಟ್ಟುವುದು ದುಡುಕೆಂದು ಟೀಕಿಸಿದನು. ಪಾರೆಯು 1585ರಲ್ಲಿ ಅವನಿಗೆ ಉತ್ತರ ಬರೆದನು. ತಾನು ತಿರುಗಿದ ಯುದ್ಧಭೂಮಿಗಳನ್ನೂ ಗುಣಪಡಿಸಿದ ಗಾಯಾಳುಗಳನ್ನೂ ಒಂದೊಂದಾಗಿ ವರ್ಣಿಸಿ, ಅನುಭವವೇ ತನ್ನ ಸಾಕ್ಷಿಯೆಂದು ತೋರಿಸಿದನು.

ಅವನ ವಿಧಾನದಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಪ್ರತಿ ನಾಳವನ್ನೂ ಹುಡುಕಿ ಕಟ್ಟಲು ಸಮಯ ಬೇಕು, ನುರಿತ ಸಹಾಯಕರು ಬೇಕು. ರಕ್ತಪ್ರವಾಹವನ್ನು ಚೆನ್ನಾಗಿ ತಡೆಯಬಲ್ಲ ತಿರುಪಿನ ಬಿಗಿಪಟ್ಟಿ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಗಾಯ ಕೊಳೆಯದಂತೆ ತಡೆಯುವ ಲಿಸ್ಟರನ ಕ್ರಮ ಪ್ರಕಟವಾದದ್ದು 1867ರಲ್ಲಿ. ಆದ್ದರಿಂದ ಪಾರೆಯ ಅನಂತರವೂ ಎಷ್ಟೋ ಶಸ್ತ್ರವೈದ್ಯರು ಕಾದ ಕಬ್ಬಿಣವನ್ನು ಬಿಡಲಿಲ್ಲ; ಎಷ್ಟೋ ಗಾಯಾಳುಗಳು ಬದುಕಲಿಲ್ಲ. ಆದರೂ ಅವನು ತೋರಿದ ದಾರಿಯೇ ಕಡೆಗೆ ರಾಜಮಾರ್ಗವಾಯಿತು.

1590ರಲ್ಲಿ ಅಂತಃಕಲಹದಿಂದ ಪ್ಯಾರಿಸ್ ನಗರ ಮುತ್ತಿಗೆಗೆ ಸಿಕ್ಕಿ, ಜನರು ಹಸಿವಿನಿಂದ ಸಾಯತೊಡಗಿದರು. ಎಂಬತ್ತರ ಅಂಚಿನಲ್ಲಿದ್ದ ಪಾರೆಯು ಬೀದಿಯಲ್ಲಿ ಎದುರಾದ ಲಿಯೊನ್ ನಗರದ ಮಹಾಧರ್ಮಾಧ್ಯಕ್ಷನನ್ನು ತಡೆದು, ಈ ಬಡಜನರಿಗಾಗಿ ಶಾಂತಿಯನ್ನು ತರಬೇಕೆಂದು ನಿರ್ಭಯವಾಗಿ ಕೇಳಿಕೊಂಡನು. ಅದೇ ವರ್ಷದ ಡಿಸೆಂಬರ್ 20ರಂದು ಅವನು ಕೊನೆಯುಸಿರೆಳೆದನು.

ಪಾರೆಯ ಕಾಲದಿಂದ ಇಂದಿಗೆ ಕೃತಕಾಂಗಗಳು ಬಹಳ ಸುಧಾರಿಸಿವೆ. ಆದರೆ ಅವನು ಎದುರಿಸಿದ ಪ್ರಶ್ನೆಗಳು ಹಳತಾಗಿಲ್ಲ. ಅಂಗ ಎಲ್ಲಿ ತುಂಡಾಗಿದೆ, ಮೊಂಡುಭಾಗ ಹೇಗೆ ಮಾಯಿದೆ, ಕೃತಕಾಂಗ ಸರಿಯಾಗಿ ಕೂರುತ್ತದೆಯೆ, ಅದರ ಭಾರವೆಷ್ಟು, ಬೆಲೆಯೆಷ್ಟು, ಬಳಸುವವನ ದುಡಿಮೆ ಎಂತಹುದು ಎಂಬುವೇ ಇಂದಿಗೂ ಅದರ ಬಳಕೆಯನ್ನು ನಿರ್ಧರಿಸುತ್ತವೆ. ನಮ್ಮ ದೇಶದಲ್ಲಿಯೇ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ಬೂಟು ತೊಡಿಸಿದ ಪಾಶ್ಚಾತ್ಯ ಮಾದರಿಯ ಕೃತಕ ಕಾಲುಗಳು ಬರಿಗಾಲಿನಲ್ಲಿ ನಡೆಯುವ, ಕುಕ್ಕರಗಾಲಿನಲ್ಲಿ ಕೂರುವ, ಕೆಸರುಗದ್ದೆಯಲ್ಲಿ ದುಡಿಯುವ ರೈತನಿಗೆ ಹೊಂದಲಿಲ್ಲ. ಪಡೆದವರು ಅವುಗಳನ್ನು ಬದಿಗಿಟ್ಟು ಊರುಗೋಲನ್ನೇ ಹಿಡಿದರು. ಇದನ್ನು ಕಂಡ ಜಯಪುರದ ವೈದ್ಯ ಡಾ. ಪ್ರಮೋದ್ ಕರಣ್ ಸೇಥಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಜೊತೆಗೂಡಿ 1960ರ ದಶಕದ ಕೊನೆಯಲ್ಲಿ ರಬ್ಬರಿನ ಜಯಪುರ ಪಾದವನ್ನು ರೂಪಿಸಿದರು. ಅದು ಅಗ್ಗವಾಗಿತ್ತು, ಬೂಟಿಲ್ಲದೆಯೂ ನಡೆಯಬಲ್ಲುದಾಗಿತ್ತು. 1981ರಲ್ಲಿ ಡಾ. ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಪ್ಯಾರಿಸಿನ ಶಸ್ತ್ರವೈದ್ಯನಿಗೆ ಬೀಗ ಮಾಡುವವನು ಜೊತೆಯಾದಂತೆ ಜಯಪುರದ ವೈದ್ಯರಿಗೆ ಶಿಲ್ಪಿಯೊಬ್ಬರು ಜೊತೆಯಾದರು. ವಿದ್ಯೆಯೂ ಕುಶಲತೆಯೂ ಮೇಲು ಕೀಳೆಂಬ ಭೇದವನ್ನು ಮರೆತು ಕೈಜೋಡಿಸಿದಲ್ಲಿ, ನೆಲಕ್ಕೆ ಬಿದ್ದವನು ಮತ್ತೆ ಎದ್ದು ತನ್ನ ಕಾಲ ಮೇಲೆ ನಿಲ್ಲಬಲ್ಲನೆಂಬುದಕ್ಕೆ ಆಂಬ್ರೋಸ್ ಪಾರೆಯ ಬದುಕು ನಿತ್ಯ ಸಾಕ್ಷಿಯಾಗಿದೆ.